ಎವರಿಸ್ತೊ ಮಾಮನ ಹಾಜರಿ
ಗುರುವಾರ ಸಂಜೆ ಆರಾಯಿತೆಂದರೆ, ಟೆಕ್ಸಸ್‌ನ ನಮ್ಮ ಊರಿನ ಚೌಕದಲ್ಲಿ ಎವರಿಸ್ತೊ ಮಾಮ ಮೈಕು ಹಿಡಿದನೆಂದೇ ತಿಳಿಯಬೇಕು. ಸ್ಪ್ಯಾನಿಷ್ ಮಾತಾಡುವ ನಮ್ಮವರಿಗಾಗಿ ನಗರಸಭೆ ನಡೆಸುವ ಈ ವಾರದ ಹಬ್ಬದಲ್ಲಿ ಹಾಡುವವರು, ಕುಣಿಯುವವರು ಬದಲಾಗುತ್ತಾರೆ. ಮಾಮನೂ ಅವನ ಗರಿಗರಿ ಬಿಳಿ ಅಂಗಿಯೂ ಬದಲಾಗುವುದಿಲ್ಲ. ಗಿಟಾರಿನವರು ಕಾದು ಕಾದು ಆಕಳಿಸಿದರೂ ಸರಿಯೇ, ಅವನು ಯಾರ್ಯಾರು ಯಾವ ಊರಿನವರೆಂದು ಹಾಜರಿ ಕರೆದು ಮುಗಿಸದೆ ಹಾಡು ಶುರುವಾಗದು. "ಮೆಕ್ಸಿಕೋದ ಪ್ವೆಬ್ಲಾದೋರು ಯಾರ್‍ರಪ್ಪಾ? ಕೂಗ್ರಿ! ಇಷ್ಟೇನಾ ಗಂಟಲು? ಊಟ ಮಾಡಿಲ್ವಾ?" ಎಂದು ಕೆಣಕುತ್ತಾನೆ. ಗ್ವಾಟೆಮಾಲಾದವರು ಕೂಗಿದರೆ, "ನೋಡ್ರೋ, ಮೂರೇ ಜನ, ಮೂವತ್ತು ಜನರ ಸದ್ದು!" ಎಂದು ಹೊಗಳುತ್ತಾನೆ. ಪೋರ್ಟೊ ರಿಕೊದ ಒಬ್ಬಳೇ ಒಬ್ಬ ನರ್ಸಿಗಾಗಿ ಇಡೀ ಚೌಕದಿಂದ ಚಪ್ಪಾಳೆ ಹೊಡೆಸುತ್ತಾನೆ. ಮೂರನೆಯ ಸಾಲಿನಲ್ಲಿ ಜೋಳದ ಹಿಟ್ಟಿನ ಕಡುಬು ತಮಾಲೆ ತಿನ್ನುತ್ತ ಕೂರುವ ಹೆರ್ಮಿನಿಯಾ ಅಜ್ಜಿ ಕಳೆದ ವಾರ ತಡೆಯಲಾರದೆ, "ಎಲ್ಲರ ಊರೂ ಕೇಳ್ತೀಯಲ್ಲೋ, ನಿಂದ್ಯಾವುದೋ ಮಾರಾಯಾ?" ಎಂದು ಕೂಗಿದಳು. ಜನ ನಕ್ಕರು, ಮಾಮ ನಗಲಿಲ್ಲ. "ಇದೇ ಅಕ್ಕಾ. ಈ ಚೌಕ ಕಟ್ಟೋಕೆ ನಮ್ಮ ಕೇರಿ ಕೆಡವಿದಾಗ ನಂಗೆ ಒಂಬತ್ತು ವರ್ಷ. ನೀವು ಕೂತಿರೋದು ನಮ್ಮಮ್ಮನ ಅಡುಗೆಮನೇಲಿ," ಎಂದ. ಅಜ್ಜಿ ತಟ್ಟೆಯನ್ನು ಕುರ್ಚಿಯ ಮೇಲಿಟ್ಟು ಎದ್ದಳು. "ಬಾಗಿಲು ಎಲ್ಲಿತ್ತಪ್ಪಾ?" ಎಂದು ಕೇಳಿದಳು. ಮಾಮ ಕಾರಂಜಿಯ ಪಕ್ಕದ ಜಾಗ ತೋರಿಸಿದ. ಅಜ್ಜಿ ನಿಧಾನವಾಗಿ ಅಲ್ಲಿಗೆ ನಡೆದು, ಕಲ್ಲುಹಾಸಿಗೆ ಚಪ್ಪಲಿ ಒರೆಸಿಕೊಂಡು, "ಒಳಗೆ ಬರಬಹುದೇನೋ ಮಗಾ?" ಎಂದಳು. ಮಾಮ ಮೈಕು ಕೆಳಗಿಟ್ಟು, ವೇದಿಕೆಯಿಂದ ಇಳಿದು ಹೋಗಿ, ಅವಳನ್ನು ಕೈಹಿಡಿದು ಒಳಗೆ ಕರೆತಂದ.