ಸಮುದ್ರದ ಕಡೆಯ ಸೀಟು

ಓಲ್ಡ್ ಬ್ರಿಡ್ಜ್ ಊರಿನ ಕನ್ನಡಿಗರಲ್ಲಿ ಶಂಕರನಾರಾಯಣ ಅಂದರೆ ಯಾರಿಗೂ ತಟ್ಟನೆ ನೆನಪಾಗಲಿಕ್ಕಿಲ್ಲ. ‘ಕಣ್ಣು ಮುಚ್ಚಿಕೊಂಡು ಇಟಲಿ ನೋಡಿದ ಅಂಕಲ್’ ಅಂದರೆ ಎಲ್ಲರಿಗೂ ಗೊತ್ತು. ಮೈಸೂರಿನವರು, ಮ್ಯಾನ್‌ಹಟನ್ನಿನ ಒಂದು ಬ್ಯಾಂಕಿನಲ್ಲಿ ಕಂಪ್ಯೂಟರ್ ಕೆಲಸ. ಎತ್ತರ ಅಂದರೆ ಜೀವಭಯ. ಚಿಕ್ಕಂದಿನಲ್ಲಿ ಚಾಮುಂಡಿ ಬೆಟ್ಟದ ಬಸ್ಸು ಹತ್ತಿದರೂ ಅಮ್ಮನ ಸೆರಗಿನಲ್ಲಿ ಮುಖ ಹುದುಗಿಸಿಕೊಳ್ಳುತ್ತಿದ್ದ ಪ್ರಾಣಿ ಅದು.

ಅಂಥವರು ಇಟಲಿಯ ಕಡಲಂಚಿನ ಬಂಡೆರಸ್ತೆಗೆ ಹೋದದ್ದು ಹೆಂಡತಿ ಅನಸೂಯಮ್ಮನಿಗಾಗಿ. ಎರಡು ಸಾವಿರದ ಆರರಲ್ಲಿ ಡಾಕ್ಟರು, ಆಕೆಯ ಕಣ್ಣಿನ ಒಳಪರದೆ ಸವೆಯುತ್ತಿದೆ, ನೋಟ ಅಂಚಿನಿಂದ ಕಿರಿದಾಗುತ್ತ ಬಂದು ಮೂರು ನಾಲ್ಕು ವರ್ಷದಲ್ಲಿ ಮುಚ್ಚಿಹೋಗುತ್ತದೆ ಅಂದರು. ವಾಪಸು ಬರುವಾಗ ಕಾರಿನಲ್ಲಿ ಆಕೆ ಕೇಳಿದ್ದು ಒಂದೇ.

“ರೀ, ನಂಗೆ ಕಾಣೋವರೆಗೂ ವರ್ಷಕ್ಕೊಂದ್ಸಲ ಆ ಸಮುದ್ರ ತೋರಿಸ್ತೀರಾ? ಅದೇ, ಅಡುಗೆಮನೆ ಕ್ಯಾಲೆಂಡರ್‌ನಲ್ಲಿದೆಯಲ್ಲ.”

“ಆಯ್ತು ಕಣೆ,” ಅಂದರು. ಕ್ಯಾಲೆಂಡರಿನಲ್ಲಿ ಸಮುದ್ರ ಚಪ್ಪಟೆಯಾಗಿತ್ತು, ಅವರಿಗೇನು ಗೊತ್ತು!

ಗೊತ್ತಾದದ್ದು ಅದೇ ವರ್ಷ, ಸೊರೆಂಟೊದಿಂದ ಅಮಾಲ್ಫಿಗೆ ಹೋಗುವ ಬಸ್ಸಿನಲ್ಲಿ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ತೀರ ಕೆಳಗೆ ನೀರು. ಕಿಟಕಿ ಪಕ್ಕ ಹೆಂಡತಿಯನ್ನು ಕೂರಿಸಿ, ಮೊದಲ ತಿರುವಿಗೇ ಇವರು ಕಣ್ಣು ಮುಚ್ಚಿದರು.

“ಕಣ್ಣು ಬಿಡ್ರೀ! ಇಷ್ಟು ದೂರ ನಿದ್ದೆ ಮಾಡಕ್ಕೆ ಬಂದ್ರಾ?”

“ನೀನು ನೋಡಿ ಹೇಳು. ನಂಗಷ್ಟು ಸಾಕು.”

ಆಕೆ ಹೇಳತೊಡಗಿದರು. “ನಿಂಬೆ ತೋಟ ಬಂತು, ಮೆಟ್ಟಿಲು ಮೆಟ್ಟಿಲಾಗಿದೆ. ಒಬ್ಬಳು ಅಜ್ಜಿ ತಾರಸಿ ಮೇಲೆ ಕೆಂಪು ಕಂಬಳಿ ಒಣಗಹಾಕ್ತಿದಾಳೆ. ಅಯ್ಯೋ, ಅಲ್ನೋಡಿ, ಹಳದಿ ದೋಣೀಲಿ ನಾಯಿ ಕೂತಿದೆ, ಥೇಟ್ ನಿಮ್ಮ ಮ್ಯಾನೇಜರ್ ಥರ!”

ಹೀಗೆ ಅವರು ಇಟಲಿಯನ್ನು ಕಿವಿಯಿಂದ ನೋಡಿದರು. ಮರುವರ್ಷವೂ ಅದೇ ರಸ್ತೆ, ಅದೇ ಕಡೆಯ ಸೀಟು, ಡಬ್ಬಿಯಲ್ಲಿ ಗೊಜ್ಜವಲಕ್ಕಿ. ಆ ಸಲ ಆಕೆ ಕತ್ತು ಅತ್ತಿತ್ತ ತಿರುಗಿಸಿ, ಸಮುದ್ರವನ್ನು ಚೂರು ಚೂರಾಗಿ ಆರಿಸಿಕೊಳ್ಳಬೇಕಾಯಿತು.

ಮೂರನೆಯ ಪ್ರವಾಸಕ್ಕೆ ಎರಡು ಸಾವಿರದ ಎಂಟರ ಅಕ್ಟೋಬರಿಗೆ ಟಿಕೆಟ್ ಆಗಿತ್ತು. ಸೆಪ್ಟೆಂಬರಿನ ಒಂದು ಬೆಳಿಗ್ಗೆ ಆಫೀಸಿನ ಬಾಗಿಲಿಗೆ ಕಾರ್ಡು ಹಿಡಿದರೆ ಬಾಗಿಲು ತೆರೆಯಲಿಲ್ಲ. ಬ್ಯಾಂಕು ದಿವಾಳಿಯಾಗಿತ್ತು. ಇವರ ಜೊತೆ ನಲವತ್ತು ಜನ ಬೀದಿಯಲ್ಲಿ ನಿಂತಿದ್ದರು. ಗ್ರೀನ್ ಕಾರ್ಡಿನ ಅರ್ಜಿ ಇನ್ನೂ ಅರ್ಧ ದಾರಿಯಲ್ಲಿತ್ತು. ಕೆಲಸವಿಲ್ಲದೆ ಈಗ ದೇಶದಾಚೆ ಹೋದರೆ ವಾಪಸು ಬಿಡುತ್ತಾರೆ ಅನ್ನುವ ಖಾತ್ರಿಯಿಲ್ಲ ಅಂದ ಲಾಯರು.

“ಮುಂದಿನ ವರ್ಷ ಹೋದರಾಯ್ತು ಬಿಡಿ. ಸಮುದ್ರ ಎಲ್ಲಿಗೆ ಹೋಗತ್ತೆ?” ಅಂದರು ಅನಸೂಯಮ್ಮ.

ಸಮುದ್ರ ಎಲ್ಲಿಗೂ ಹೋಗಲಿಲ್ಲ. ಮುಂದಿನ ವರ್ಷವೂ ಕೆಲಸ ಸಿಗಲಿಲ್ಲ. ಒಂದು ಮಧ್ಯಾಹ್ನ ಆಕೆ ಸಾರಿನ ಪಾತ್ರೆಯನ್ನು ಕಟ್ಟೆಯ ಮೇಲೆ ಇಟ್ಟೆನೆಂದುಕೊಂಡು ಗಾಳಿಯಲ್ಲಿ ಇಟ್ಟರು. ಇವರು ನೆಲ ಒರೆಸಿದರು. ಸಮುದ್ರದ ಮಾತನ್ನು ಆಮೇಲೆ ಇಬ್ಬರೂ ಎತ್ತಲಿಲ್ಲ.

ಎರಡು ಸಾವಿರದ ಹತ್ತರಲ್ಲಿ ಮಾರಿಸ್‌ಟೌನ್‌ನಲ್ಲಿ ಕೆಲಸವಾಗಿ, ಗ್ರೀನ್ ಕಾರ್ಡೂ ಕೈಗೆ ಬಂದು, ಹೊರಟರು. ಅಷ್ಟರಲ್ಲಿ ಆಕೆಗೆ ಬೆಳಕು, ನೆರಳು ಎರಡೇ ಉಳಿದಿದ್ದವು. ಆದರೂ ಸಮುದ್ರದ ಕಡೆಯ ಸೀಟು ಆಕೆಗೇ.

ಬಸ್ಸು ಹೊರಟಿತು. ಈ ಸಲ ಹೇಳುವ ಸರದಿ ಇವರದು.

“ನಿಂಬೆ ತೋಟ ಬಂತು ಕಣೆ. ಮೆಟ್ಟಿಲು ಮೆಟ್ಟಿಲಾಗಿದೆ. ಅಲ್ಲೊಬ್ಬಳು ಅಜ್ಜಿ, ಕೆಂಪು ಕಂಬಳಿ ಒಣಗಹಾಕ್ತಿದಾಳೆ. ಹಳದಿ ದೋಣಿ...”

ಅನಸೂಯಮ್ಮನ ಕೈ ತಡವರಿಸುತ್ತ ಬಂದು ಅವರ ರೆಪ್ಪೆಯನ್ನು ಮುಟ್ಟಿತು. ಮುಚ್ಚಿತ್ತು.

“ನಾಲ್ಕು ವರ್ಷ ಆಯ್ತಲ್ರೀ, ಆ ಕಂಬಳಿ ಇನ್ನೂ ಒಣಗಲಿಲ್ವಾ?”

ಶಂಕರನಾರಾಯಣರು ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಬಿಟ್ಟರು.

“ಅಜ್ಜಿ ಇಲ್ಲ ಕಣೆ. ತೋಟದ ಪಕ್ಕ ಒಂದು ತಾರಸಿ ಮನೆ ಇದೆ, ಕಿಟಕಿ ಮುಚ್ಚಿದೆ.”

“ದೋಣಿ?”

“ಅದೂ ಇಲ್ಲ. ನೀರು ಅಷ್ಟೇ. ಇಷ್ಟು ನೀಲಿ ಅಂತ ನೀನು ಹೇಳೇ ಇರ್ಲಿಲ್ಲ.”

“ಹೇಳಿದ್ದೆ. ಹೇಳಿದ್ರೆ ಬರೋ ನೀಲಿ ಅಲ್ಲ ಅದು.” ಕಿಟಕಿಯ ಕಡೆ ಮುಖ ತಿರುಗಿಸಿ ಆಕೆಯೇ ಅಂದರು: “ಆದ್ರೂ ಹೇಳಿ.”

ಅಮಾಲ್ಫಿ ಬರುವವರೆಗೂ ಅವರು ಕಣ್ಣು ಮುಚ್ಚಲಿಲ್ಲ, ಮಾತು ನಿಲ್ಲಿಸಲಿಲ್ಲ. ಕಣ್ಣು ತುಂಬಿ ಎಲ್ಲವೂ ಮಸುಕು ಮಸುಕಾಗಿತ್ತು. ಹೇಳಿದ್ದರಲ್ಲಿ ಎಷ್ಟು ಸರಿ, ಎಷ್ಟು ತಪ್ಪು, ತಿದ್ದುವವರು ಯಾರೂ ಇರಲಿಲ್ಲ.