ಡೊಂಬಿವಲಿಯಲ್ಲೊಂದು ಹಿತ್ತಿಲು

ಕಳವಾ ಎಂಬ ಊರಿನ ಒಂದೇ ಕೋಣೆಯಲ್ಲಿ ಇಪ್ಪತ್ತು ವರ್ಷ ಕಳೆದ ಮೇಲೆ ನಾವು ಡೊಂಬಿವಲಿಯಲ್ಲಿ ನೆಲಮಹಡಿಯ ಫ್ಲ್ಯಾಟು ಕೊಂಡೆವು. ನನಗೆ ಫ್ಲ್ಯಾಟಿಗಿಂತ ಅದರ ಹಿಂದಿನ ಮಣ್ಣು ಮುಖ್ಯವಾಗಿತ್ತು. ಅಡುಗೆಮನೆ ಬಾಗಿಲಿನಿಂದ ಕಾಂಪೌಂಡಿನವರೆಗೆ ನಾಲ್ಕು ಹೆಜ್ಜೆ ಜಾಗ, ಅಷ್ಟೆ.

ನಮ್ಮ ಯಜಮಾನರು ರೈಲ್ವೆ ಕಾರ್‌ಶೆಡ್ಡಿನಲ್ಲಿ ನಕ್ಷೆ ಬರೆದು ನಿವೃತ್ತರಾದವರು. ಒಂದೇ ದಿನದಲ್ಲಿ ಹಿತ್ತಿಲಿನ ನಕ್ಷೆಯೂ ತಯಾರಾಯಿತು. ನಡುವೆ ಹುಲ್ಲುಹಾಸು, ಅಂಚಿಗೆ ಸಾಲಾಗಿ ಕ್ರೋಟನ್, ಮೂಲೆಗೊಂದು ಪಾಮ್. ಚೆಂದವಾಗಿಯೇ ಇತ್ತು.

"ಹಕ್ಕಿ ಬಂದು ಕೂರುವ ಗಿಡ ಬೇಕಿತ್ತು ನನಗೆ," ಎಂದೆ.

"ಯಾವ ಗಿಡ ಹೇಳು ಮಾರಾಯ್ತಿ, ಅದನ್ನೇ ಹಾಕುವ."

ನನಗೆ ಉಡುಪಿ ಕಡೆಯ ಗಿಡಗಳ ಪರಿಚಯವಿತ್ತು, ಇಲ್ಲಿಯವುಗಳದ್ದಲ್ಲ.

ಕಲ್ಯಾಣ ಸ್ಟೇಷನ್ನಿನ ಹೊರಗೆ ಮಳೆಗಾಲದಲ್ಲಿ ಗುಡ್ಡದ ಕಡೆಯ ಹೆಂಗಸೊಬ್ಬರು ಕಾಡುಸೊಪ್ಪು ಮಾರುತ್ತಿದ್ದರು. ಇಲ್ಲಿಯವರಂತೆ ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆ. ಅವರನ್ನು ಕೇಳಿದಾಗ, "ಜಾಗ ನೋಡದೆ ಹೇಗೆ ಹೇಳಲಿ, ತಾಈ?" ಎಂದರು. ಸೊಪ್ಪು ಬೇಗ ಖರ್ಚಾದ ಒಂದು ಮಧ್ಯಾಹ್ನ ಬುಟ್ಟಿ ಸಮೇತ ನನ್ನ ಜೊತೆ ಲೋಕಲ್ ಹತ್ತಿಯೇಬಿಟ್ಟರು.

ಯಜಮಾನರು ನಕ್ಷೆ ಬಿಡಿಸಿ ತೋರಿಸಿದರು. ಮಾವಶಿ ಅದನ್ನು ಒಂದು ಸಲ ನೋಡಿ, "ಮಳೆನೀರು ಎಲ್ಲಿ ನಿಲ್ಲುತ್ತದೆ, ಸಾಹೇಬ?" ಎಂದು ಕೇಳಿದರು. ನಕ್ಷೆಯಲ್ಲಿ ಅದು ಇರಲಿಲ್ಲ. ಅವರು ಕೂತು ಮಣ್ಣು ಪುಡಿ ಮಾಡಿ ನೋಡಿದರು. ನೆರಳಿನ ಮೂಲೆಗೆ ಅಡುಳಸಾ ಎಂದರು, ಅಂದರೆ ನಮ್ಮ ಆಡುಸೋಗೆ. ಬಿಸಿಲು ಬೀಳುವ ಗೋಡೆಗೆ ಕರವಂದ.

"ಮುಳ್ಳಿನ ಗಿಡವಾ ಮನೆಯೊಳಗೆ?" ಯಜಮಾನರಿಗೆ ಸಮಾಧಾನವಾಗಲಿಲ್ಲ.

"ಮುಳ್ಳಿದ್ದರೆ ಬೆಕ್ಕು ಹತ್ತುವುದಿಲ್ಲ. ಹಕ್ಕಿ ಧೈರ್ಯವಾಗಿ ಗೂಡು ಕಟ್ಟುತ್ತದೆ."

ಕರವಂದ ಎಂದರೆ ಶಾಲೆಯ ದಾರಿಯಲ್ಲಿ ನಾನು ಲಂಗದ ಮಡಿಲು ತುಂಬ ಕಿತ್ತು ತಿಂದ ಕರಂಡೆ ಹಣ್ಣು. ಇಷ್ಟು ವರ್ಷ ಇಲ್ಲಿದ್ದೂ ಅದು ಈ ಗುಡ್ಡಗಳಲ್ಲೂ ಬೆಳೆಯುತ್ತದೆಂದು ನನಗೆ ತಿಳಿದಿರಲಿಲ್ಲ. ಕರಿಬೇವನ್ನೂ ಹಾಕಲೇ ಎಂದು ಕೇಳಿದೆ. "ಹಾಕಿ. ಹುಳ ಬರುತ್ತದೆ, ಬೈಯಬೇಡಿ," ಎಂದು ನಕ್ಕರು.

ಆ ವಾರವೇ ಗಿಡಗಳನ್ನೂ ತಂದುಕೊಟ್ಟರು. ನಾಲ್ಕು ಕರಂಡೆಗಳಲ್ಲಿ ಎರಡು ಒಣಗಿದವು. ಬಿಲ್ಡರು ಹೂತ ಇಟ್ಟಿಗೆ ಚೂರು ಅಲ್ಲಿ ಮೊಣಕಾಲುದ್ದ ತುಂಬಿತ್ತು. ಅದನ್ನೆಲ್ಲ ಅಗೆದು ತೆಗೆದವರು ಯಜಮಾನರು. ಅವತ್ತಿನಿಂದ ಹುಲ್ಲುಹಾಸಿನ ಮಾತೆತ್ತಲಿಲ್ಲ.

ಮರುವರ್ಷ ಕರಿಬೇವಿಗೆ ಹುಳ ಬಿತ್ತು. ಹಸಿರು, ದಪ್ಪ ಹುಳಗಳು. ಒಗ್ಗರಣೆಗೆ ಒಂದೆಸಳೂ ಉಳಿಯದಿದ್ದಾಗ ನನಗೆ ತಡೆಯಲಾಗಲಿಲ್ಲ, ಬೇವಿನೆಣ್ಣೆ ಕಲಸಿ ಹೊರಟೆ.

"ಬೇಡ," ಯಜಮಾನರು ಅಡ್ಡ ಬಂದರು. "ನಿನ್ನೆಯಿಂದ ಒಂದು ಹುಳ ಕಡ್ಡಿಗೆ ಅಂಟಿ ಕೂತಿದೆ, ಚಿಟ್ಟೆಯಾಗಲು ಕೋಶ ಕಟ್ಟುತ್ತಾ ಉಂಟು. ಎರಡು ದಿನ ಸೊಪ್ಪು ಪೇಟೆಯಿಂದ ತರುವ."

ನನಗೆ ಸಿಟ್ಟೂ ಬಂತು, ನಗುವೂ ಬಂತು. ಬಾಟಲಿ ಒಳಗಿಟ್ಟೆ.

ಅದೇ ವಾರ ಸೊಸೈಟಿಯ ಸೆಕ್ರೆಟರಿ ಸೊಳ್ಳೆ ಔಷಧಿ ಹೊಡೆಯುವವನನ್ನು ಕರೆದುಕೊಂಡು ಬಂದರು. ಮರಾಠಿ ಮಾತಾಡಲು ಸದಾ ಹಿಂಜರಿಯುವ ನನ್ನ ಗಂಡ ಹಿತ್ತಿಲ ಬಾಗಿಲಲ್ಲಿ ನಿಂತು, "ಇಕಡೆ ನಕೊ. ಕಿಡೆ ಆಹೇತ್, ಆಮಚೇ," ಎಂದರು. ಇಲ್ಲಿ ಬೇಡ, ಹುಳಗಳಿವೆ, ನಮ್ಮವು.

ಸೆಕ್ರೆಟರಿ ನನ್ನತ್ತ ನೋಡಿದರು. ಹೌದೆಂದು ತಲೆಯಾಡಿಸಿದೆ.