ಭಾವನ ಮೊಣಕೈ

ನನ್ನ ತಂಗಿಯ ಗಂಡ ಇಪ್ಪತ್ತೆರಡು ವರ್ಷ ನನ್ನೊಡನೆ ಮಾತಾಡಲಿಲ್ಲ. ಲಂಡನ್ನಿನ ಕೆಂಟನ್‌ನಲ್ಲಿ ನಮ್ಮಿಬ್ಬರ ಮನೆಗೂ ಎರಡೇ ಬೀದಿ ಅಂತರ. ಭಾನುವಾರ ನನ್ನ ಊಟವೂ ಅವರ ಮನೆಯಲ್ಲೇ. ನಾನು ಎದುರಿಗೆ ಕೂತಿದ್ದರೂ ಆತ ತಂಗಿಯನ್ನು ಕರೆದು, "ನಿನ್ನಣ್ಣಂಗೆ ಸಾರ್ ಬೇಕಾ ಕೇಳ್" ಎನ್ನುತ್ತಿದ್ದ. ಬೇಕು ಎಂದು ನಾನು ತಂಗಿಗೆ ಹೇಳುತ್ತಿದ್ದೆ. ಅವಳು ಇಬ್ಬರಿಗೂ ಬಯ್ದು ಬಡಿಸುತ್ತಿದ್ದಳು.

ಎಲ್ಲಕ್ಕೂ ಕಾರಣ ಭಾವನ ಬಲಗೈ. ಕುಂದಾಪುರದ ಟೆನಿಸ್ ಬಾಲ್ ಕ್ರಿಕೆಟ್ಟಿನಲ್ಲಿ ಅವನು ಬೌಲಿಂಗಿಗೆ ಬಂದರೆ ಬ್ಯಾಟ್ಸ್‌ಮನ್‌ಗಳು ಹರಕೆ ಹೊರುತ್ತಿದ್ದರು. ಬೌಲ್ ಮಾಡುವವನ ಮೊಣಕೈ ನೆಟ್ಟಗಿರಬೇಕು ಎಂಬುದು ನಿಯಮ. ಭಾವನದು ಕುಡುಗೋಲಿನ ಹಾಗೆ ಬಗ್ಗುತ್ತಿತ್ತು. ಮಾವಿನಕಾಯಿಗೆ ಕಲ್ಲು ಹೊಡೆದು ಕಲಿತ ಕೈ ಅದು. ಒಂದು ಫೈನಲ್‌ನಲ್ಲಿ ಅಂಪೈರ್ ಆಗಿ ನಿಂತಿದ್ದ ನಾನು ಒಂದೇ ಓವರಿನಲ್ಲಿ ಮೂರು ಸಲ ಕೈ ಚಾಚಿ ನೋಬಾಲ್ ಕೊಟ್ಟೆ. ಅಲ್ಲಿಗೆ ಅವನ ಬೌಲಿಂಗೂ ಮುಗಿಯಿತು, ನನ್ನೊಡನೆ ಮಾತೂ ಮುಗಿಯಿತು. ಮರುವರ್ಷ ನನ್ನ ತಂಗಿಯನ್ನು ಮದುವೆಯಾಗುವಾಗಲೂ ಮಂಟಪದಲ್ಲಿ ನನ್ನ ಮುಖ ನೋಡಲಿಲ್ಲ. ಸರಿಯಾದುದನ್ನೇ ಮಾಡಿದ್ದೇನೆ ಎಂದು ನಾನೂ ಬೀಗುತ್ತಿದ್ದೆ. ಒಳಗೊಳಗೆ ಮಾತ್ರ ಒಂದೇ ಆಸೆ: ಈ ಮನುಷ್ಯ ನನ್ನನ್ನು ಒಮ್ಮೆ ಭಾವ ಎಂದು ಕರೆಯಲಿ.

ಹೊಟ್ಟೆಪಾಡು ಇಬ್ಬರನ್ನೂ ಲಂಡನ್ನಿಗೆ ತಂದಿತು. ನಾನು ಆಫೀಸು ಸೇರಿದೆ, ಭಾವ ರೆಸ್ಟೋರೆಂಟಿನ ದೋಸೆ ಕಾವಲಿಯ ಮುಂದೆ ನಿಂತ. ಒಂದು ರಜೆಯ ದಿನ ಪಾರ್ಕಿನಲ್ಲಿ ಕೆಲವರು ಬೇಸ್‌ಬಾಲ್ ಆಡುತ್ತಿದ್ದರಂತೆ. ಕಾಲಬುಡಕ್ಕೆ ಬಂದ ಚೆಂಡನ್ನು ಇವನು ತಿರುಗಿ ಎಸೆದ. ಹಿಡಿದವನು ಕೈ ಕೊಡವಿಕೊಳ್ಳುತ್ತ ಬಂದು, ಇದನ್ನೆಲ್ಲಿ ಕಲಿತೆ ಎಂದು ಕೇಳಿದ. ಮುಂದಿನ ವಾರದಿಂದ ಭಾವ ಆ ತಂಡದ ಪಿಚರ್, ಅಂದರೆ ಬ್ಯಾಟಿನವನಿಗೆ ಚೆಂಡು ಎಸೆಯುವವನು. ಎಸೆಯುವುದೇ ಕೆಲಸ! ಮೊಣಕೈ ಎಷ್ಟು ಬಗ್ಗಿದರೂ ಕೇಳುವವರಿಲ್ಲ. ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಿತ್ತು.

ಹನ್ನೊಂದು ಬೇಸಿಗೆ ಆಡಿದ. ಕೆಂಟನ್ನಿನ ನಮ್ಮವರೆಲ್ಲ ಪಾರ್ಕಿನಲ್ಲಿ ಚಾಪೆ ಹಾಸಿ, ನೀರುದೋಸೆಯ ಡಬ್ಬಿ ತೆರೆದು ಕೂರುತ್ತಿದ್ದರು. ಆಟ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಭಾವ ಎಸೆದರೆ ಚಪ್ಪಾಳೆ, ಬೇರೆಯವರು ಎಸೆದರೆ ಊಟ. ಸ್ಟ್ಯಾನ್ಮೋರಿನಿಂದ ಕಾರು ಓಡಿಸಿಕೊಂಡು ಬರುವ ಧಾರವಾಡದ ಡಾಕ್ಟರು ಪ್ರತಿಸಲವೂ, "ಎಷ್ಟ್ ವಿಕೆಟ್ ಬಿದ್ವುರೀ?" ಎಂದು ಕೇಳುತ್ತಿದ್ದರು.

ಕಳೆದ ಬೇಸಿಗೆಯಲ್ಲಿ ಭುಜ ಕೈಕೊಟ್ಟಿತು. ಇನ್ನು ಸಾಕು ಎಂದು ಜಿಪಿ ಡಾಕ್ಟರು ಹೇಳಿದರು. ಕಡೆಯ ಆಟದ ದಿನ ಅಂಪೈರ್ ಬರಲಿಲ್ಲ, ಟ್ಯೂಬ್ ರೈಲು ಎಲ್ಲೋ ನಿಂತುಬಿಟ್ಟಿತ್ತು. ನಮ್ಮಣ್ಣ ಊರಲ್ಲಿ ಅಂಪೈರ್ ಆಗಿದ್ದ ಎಂದು ತಂಗಿ ಬಾಯಿಬಿಟ್ಟಳು. ತಂಡದ ನಾಯಕ ನನ್ನ ಮುಖಕ್ಕೆ ಕಬ್ಬಿಣದ ಜಾಲರಿ ಕಟ್ಟಿ ಬ್ಯಾಟಿನವನ ಹಿಂದೆ ನಿಲ್ಲಿಸಿದ. ಎಸೆತ ಸರಿಯಿದ್ದರೆ ‘ಸ್ಟ್ರೈಕ್’ ಎನ್ನು, ತಪ್ಪಿದರೆ ‘ಬಾಲ್’ ಎನ್ನು, ಅಷ್ಟೇ ಎಂದ.

ಭಾವನ ಮೊದಲ ಚೆಂಡು ಬಂತು. ಮೊಣಕೈ ಬಗ್ಗಿದ್ದು ಕಂಡಿತು. ನನ್ನ ಬಲಗೈ ತಾನಾಗಿ ಅಡ್ಡಕ್ಕೆ ಚಾಚಿಕೊಂಡಿತು.

"ನೋಬಾಲ್!"

ಬ್ಯಾಟಿನವನು ತಿರುಗಿ ನನ್ನನ್ನೇ ನೋಡಿದ. ಚಾಪೆಯ ಮೇಲಿದ್ದವರೆಲ್ಲ ಎದ್ದು ನಿಂತರು. ಭಾವ ನಿಧಾನವಾಗಿ ನಡೆದು ಬಂದ. ಹೊಡೆದೇಬಿಡುತ್ತಾನೆ ಎಂದುಕೊಂಡೆ.

"ಎಂತ ಭಾವ, ಇಲ್ಲೂ ಬಿಡುದಿಲ್ಯಾ?"

"ತಪ್ಪಾಯ್ತ್ ಭಾವ, ಕೈ ಅದರಷ್ಟಕ್ಕೇ ಹೋಯ್ತ್."

"ಮತ್ತೆ ಅವತ್ತ್ ಫೈನಲಲ್ಲಿ ಕೊಟ್ಟದ್ದ್?"

ಇಷ್ಟು ವರ್ಷದ ನಂತರ ಮಾತಾಡಿದವನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಅವತ್ತ್ ಬಗ್ಗಿತ್ತ್" ಎಂದೆ.

"ಬಗ್ಗಿತ್ತಂತ ನಂಗೂ ಗೊತ್ತಿತ್ತ್. ವರ್ಷಪೂರ್ತಿ ಬಗ್ಗಿತ್ತಲ್ದಾ? ವರ್ಷಪೂರ್ತಿ ನೀವೇ ಅಂಪೈರ್, ಒಂದ್ ದಿನವೂ ಕೈ ಚಾಚ್ಲಿಲ್ಲ. ಅಪ್ಪಯ್ಯ ನನ್ನ ಆಟ ಕಾಂಬುಕೆ ಬಂದದ್ದ್ ಅದೊಂದೇ ದಿನ."

ಅವನು ಹೇಳಿದ್ದು ನಿಜ. ಫೈನಲ್ ಎಂದು ಆ ದಿನ ನನಗೆ ಮೊದಲ ಸಲ ಬಿಳಿ ಕೋಟು ಕೊಟ್ಟಿದ್ದರು. ಊರಿನ ಎದುರು ದೊಡ್ಡ ಮನುಷ್ಯನಾಗುವ ಚಪಲ ನನಗೆ. ಅವನ ಅಪ್ಪಯ್ಯ ತೀರಿಕೊಂಡು ಎಷ್ಟೋ ವರ್ಷವಾಗಿದೆ. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ದುಃಖವಾಯಿತು.

"ಈಗ ಎಸಿತೆ, ಸಮಾ ಕಾಣಿ" ಎಂದು ಅವನು ತನ್ನ ಜಾಗಕ್ಕೆ ಹೋದ. ಮುಂದಿನ ಚೆಂಡು ಎಲ್ಲಿ ಹೋಯಿತೋ, ಕಣ್ಣು ಮಂಜಾಗಿ ನನಗೆ ಕಾಣಲೇ ಇಲ್ಲ. ಸ್ಟ್ರೈಕ್ ಎಂದು ಕೂಗಿದೆ.